ಹೆಬ್ಬೆಟ್ಟು ಒಪ್ಪದ ಫೋನು

"ಕೆಳಗಿನ ಸಾಲಿಗೆ ಮಾತ್ರ ಹೋಗ್ಬೇಡಿ ಮೇಡಂ. ಅದನ್ನ ಒತ್ತಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ."

ಅಷ್ಟು ಹೇಳಿ ಅಫ್ರೀನ್ ಕೈ ಹಿಂದಕ್ಕೆ ತೆಗೆದುಕೊಂಡಳು. ಒತ್ತುವ ಕೆಲಸ ಪೊಲೀಸರದ್ದು, ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳುವವರೂ ಅವರೇ ಎಂಬಂತೆ.

ಹೆಗ್ಗಡದೇವನಕೋಟೆ ಬಸ್ ಸ್ಟ್ಯಾಂಡಿನ ಎದುರು ಅವಳ ಮೊಬೈಲ್ ರಿಪೇರಿ ಅಂಗಡಿ. ಗಾಜಿನ ಮೇಜಿನ ಮೇಲೆ ಸೌಂದರ್ಯಳ ಫೋನು ಚಾರ್ಜರಿಗೆ ಸಿಕ್ಕಿಸಿಕೊಂಡು ಮಲಗಿತ್ತು. ಕಪ್ಪು ಪರದೆಯ ಮೇಲೆ ಸಣ್ಣ ಅಕ್ಷರಗಳ ನಾಲ್ಕೈದು ಸಾಲು. ಮೇಲಿನದನ್ನು ಆರಿಸಿದರೆ ಫೋನು ಮತ್ತೆ ಶುರುವಾಗುತ್ತದೆ. ಕೆಳಗಿನದನ್ನು ಆರಿಸಿದರೆ ಅದು ಅಂಗಡಿಯಿಂದ ತಂದ ದಿನದ ಹಾಗೆ ಬರಿದಾಗುತ್ತದೆ.

ಸಬ್ ಇನ್‌ಸ್ಪೆಕ್ಟರ್ ಪವಿತ್ರ ತೋರುಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಳು. ಬೆವರಿತ್ತು.

ಅಂತರಸಂತೆಯಲ್ಲಿ ಒಂಟಿಯಾಗಿ ಟೈಲರ್ ಅಂಗಡಿ ನಡೆಸುತ್ತಿದ್ದ ಸೌಂದರ್ಯ ಸಂತೆ ದಿನದಿಂದ ಕಾಣೆ. "ನಾನು ಕೇರಳಕ್ಕೆ ಹೊರಟೆ, ಹುಡುಕಬೇಡಿ" ಎಂದು ಅವಳ ಫೋನಿನಿಂದ ಮನೆ ಮಾಲೀಕಳಿಗೆ ಒಂದು ಮೆಸೇಜು ಬಂದಿತ್ತು. ಊರು ನಂಬಿತು. ಮಾಲೀಕಳು ನಂಬಲಿಲ್ಲ. "ಮದುವೆ ಬ್ಲೌಸುಗಳನ್ನ ಅರ್ಧ ಕತ್ತರಿಸಿಟ್ಟು ಹೋಗೋ ಹೆಂಗಸಲ್ಲ ಅವಳು" ಎಂದು ಸ್ಟೇಷನ್ ಮೆಟ್ಟಿಲು ಹತ್ತಿದ್ದಳು. ನಿನ್ನೆ ಶುಂಠಿ ಹೊಲದಲ್ಲಿ ಕಳೆ ಕೀಳುವಾಗ ಪುಟ್ಟಮಲ್ಲಪ್ಪ ಎಂಬ ರೈತನಿಗೆ ಈ ಫೋನು ಸಿಕ್ಕಿತ್ತು. ಶುಂಠಿ ಮಡಿಗೆ ಹೊದಿಸಿದ್ದ ಹುಲ್ಲಿನ ಮೇಲೆ ಬಿದ್ದಿದ್ದರಿಂದ ಪರದೆ ಉಳಿದಿತ್ತು.

ಅದು ಸತ್ತಿರಲಿಲ್ಲ, ಬದುಕಿಯೂ ಇರಲಿಲ್ಲ. ಚಾರ್ಜಿಗೆ ಹಾಕಿದರೆ ಕಂಪನಿಯ ಗುರುತು ಬರುತ್ತಿತ್ತು, ಮಾಯವಾಗುತ್ತಿತ್ತು, ಮತ್ತೆ ಬರುತ್ತಿತ್ತು. ಮೈಸೂರಿನ ಲ್ಯಾಬಿಗೆ ಕಳಿಸಿದರೆ ಉತ್ತರ ಬರುವುದು ಯಾವ ಕಾಲಕ್ಕೋ. ಕರೆಗಳ ವಿವರ ಸಿಮ್ ಕಂಪನಿಯಿಂದ ಇನ್ನೂ ಬಂದಿರಲಿಲ್ಲ. ಹೆಂಗಸು ಎಲ್ಲೋ ಉಸಿರಾಡುತ್ತಿದ್ದರೆ ಕಾಯಲು ಹೊತ್ತಿಲ್ಲ. ಮಹಜರು ಮುಗಿಸಿ, ಮೇಲಧಿಕಾರಿಯ ಒಪ್ಪಿಗೆ ಪಡೆದು ಪವಿತ್ರ ಇಲ್ಲಿಗೆ ಬಂದಿದ್ದಳು.

"ಮುಂಚೆ ಆಗಿದ್ರೆ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕಿತ್ತು, ಒರೆಸಿ ಹಾಕ್ತಿದ್ವಿ" ಎಂದಳು ಅಫ್ರೀನ್. "ಈಗ ಬ್ಯಾಟರಿ ಒಳಗೇ ಅಂಟಿಸಿರ್ತಾರೆ. ಆನ್ ಮಾಡೋ ಗುಂಡಿ ಒಂದನ್ನೇ ಒತ್ತಿ ಹಿಡಿದು ನೋಡಿದೆ, ಆಗಲಿಲ್ಲ. ಅದರ ಜೊತೆ ಸೌಂಡ್ ಕಮ್ಮಿ ಮಾಡೋ ಗುಂಡಿ ಹಿಡಿದೆ, ಆಗಲಿಲ್ಲ. ಸೌಂಡ್ ಜಾಸ್ತಿ ಮಾಡೋದನ್ನ ಹಿಡಿದಾಗ ಈ ಪರದೆ ಬಂತು. ಇದೂ ಆಗಲಿಲ್ಲ ಅಂದ್ರೆ ಬಿಚ್ಚಬೇಕು."

ಪವಿತ್ರ ಮೇಲಿನ ಸಾಲು ಹೊಳೆಯುತ್ತಿದೆಯೇ ಎಂದು ಮತ್ತೊಮ್ಮೆ ನೋಡಿ ಗುಂಡಿ ಒತ್ತಿದಳು.

ಪರದೆ ಕಪ್ಪಾಯಿತು. ಕಂಪನಿಯ ಗುರುತು ಬಂತು. ಹೊರಗೆ ಮಾನಂದವಾಡಿ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ. ಗುರುತು ಈ ಸಲ ಮಾಯವಾಗಲಿಲ್ಲ. ಬಹಳ ಹೊತ್ತು ಹಾಗೇ ನಿಂತು, ಫೋನು ಮೆಲ್ಲಗೆ ಒಮ್ಮೆ ನಡುಗಿ, ಗಂಟೆ ತಾರೀಕು ತೋರಿಸಿತು. ಅದರ ಕೆಳಗೆ ಅಂಕಿಗಳ ಚೌಕ.

"ಬಂತು" ಎಂದಳು ಅಫ್ರೀನ್. ಆಮೇಲೆ ತುಟಿ ಕಚ್ಚಿದಳು. "ಆದ್ರೆ ಬೀಗದ ನಂಬರ್ ಕೇಳ್ತಾ ಇದೆ."

"ಬೆರಳಚ್ಚು ಇಟ್ಟಿರಬಹುದಲ್ಲ ಅವಳು?"

"ಇಟ್ಟಿದ್ರೂ ಈಗ ನಡೆಯಲ್ಲ ಮೇಡಂ. ಆಫ್ ಆಗಿ ಆನ್ ಆದ್ಮೇಲೆ ಮೊದಲನೇ ಸಲ ಅಂಕಿನೇ ಹಾಕ್ಬೇಕು. ಬೆರಳು ಇಟ್ರೂ ಒಪ್ಪಲ್ಲ, ಮುಖ ತೋರಿಸಿದ್ರೂ ಒಪ್ಪಲ್ಲ. ಅಲ್ಲಿವರೆಗೂ ಅದಕ್ಕೆ ಯಾರ ಗುರುತೂ ಇರಲ್ಲ. ಅಮ್ಮನೇ ಫೋನ್ ಮಾಡಿದ್ರೂ ಬರೀ ನಂಬರ್ ತೋರಿಸುತ್ತೆ, ಹೆಸರು ತೋರಿಸಲ್ಲ. ವಾಟ್ಸಾಪೂ ಬರಲ್ಲ. ಸುಮ್ಸುಮ್ನೆ ಅಂದಾಜಿಗೆ ಅಂಕಿ ಒತ್ಬೇಡಿ, ಪೂರ್ತಿ ಬೀಗ ಬೀಳುತ್ತೆ."

ಪವಿತ್ರ ತನ್ನ ಫೋನಿನಿಂದ ಸೌಂದರ್ಯಳ ನಂಬರಿಗೆ ಕರೆ ಮಾಡಿ ನೋಡಿದಳು. ಮೇಜಿನ ಮೇಲಿನ ಫೋನು ಒಡನೆಯೇ ರಿಂಗಾಯಿತು. ಪರದೆಯ ಮೇಲೆ ಹತ್ತು ಅಂಕಿಗಳು, ಅಷ್ಟೇ.

*

ಜೀಪು ಹುಣಸೂರು ದಾರಿ ಹಿಡಿಯಿತು. ಕಾನ್‌ಸ್ಟೇಬಲ್ ಮಾದೇವ ಓಡಿಸುತ್ತಿದ್ದ. ಪವಿತ್ರ ಪ್ಲಾಸ್ಟಿಕ್ ಚೀಲದೊಳಗಿದ್ದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿಗ್ನಲ್ ಇತ್ತು, ಬ್ಯಾಟರಿ ಇತ್ತು. ಯಾರಾದರೂ ಕರೆ ಮಾಡಬಹುದಿತ್ತು. ದಾರಿಯುದ್ದಕ್ಕೂ ಒಬ್ಬರೂ ಮಾಡಲಿಲ್ಲ.

ಒಂದು ಹೆಂಗಸು ಊರಿನಿಂದ ಮಾಯವಾಗಿದ್ದಾಳೆ, ಅವಳ ಫೋನು ಮತ್ತೆ ಜೀವ ಪಡೆದಿದೆ. ಎಲ್ಲಿದ್ದೀಯೇ ಎಂದು ಕೇಳುವವರು ಜಗತ್ತಿನಲ್ಲಿ ಯಾರೂ ಇಲ್ಲ. ಪವಿತ್ರಳಿಗೆ ಆ ಮೌನದ ಪರಿಚಯವಿತ್ತು. ಕೆ.ಆರ್. ನಗರದಲ್ಲಿ ಅಮ್ಮ ಬದುಕಿರುವವರೆಗೂ ದಿನಾ ಸಂಜೆ ಕರೆ ಬರುತ್ತಿತ್ತು. ಊಟಕ್ಕೆ ಏನು ಮಾಡ್ಕೊಂಡೆ, ತಲೆಗೆ ಎಣ್ಣೆ ಹಚ್ಕೊಂಡ್ಯಾ, ಇಷ್ಟೇ. ಡ್ಯೂಟಿಯಲ್ಲಿದ್ದೀನಮ್ಮ ಎಂದು ಎಷ್ಟೋ ಸಲ ಕತ್ತರಿಸಿದ್ದಳು. ಅಮ್ಮ ಹೋದ ಮೇಲೆ ಕ್ವಾರ್ಟರ್ಸಿನಲ್ಲಿ ಸಂಜೆ ಅನ್ನುವುದು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿತ್ತು. ಈಗ ಅವಳ ಫೋನು ಹೊಡೆದುಕೊಂಡರೆ ಒಂದೋ ಸ್ಟೇಷನ್ನು, ಇಲ್ಲವೇ ಕಂಟ್ರೋಲ್ ರೂಮು.

"ಆ ನಟರಾಜು ನಮ್ಮನ್ನ ಹುಡುಕ್ಕೊಂಡು ತಾನಾಗೇ ಸ್ಟೇಷನ್ನಿಗೆ ಬಂದನಲ್ಲ ಮೇಡಂ, ಅದೇ ನಂಗೆ ಸರಿಬರ್ತಿಲ್ಲ" ಎಂದ ಮಾದೇವ.

ಪವಿತ್ರಳಿಗೂ ಸರಿಬಂದಿರಲಿಲ್ಲ. ನಟರಾಜು ಸೌಂದರ್ಯಳಿಗೆ ಎರಡು ಕಡೆಯಿಂದ ನೆಂಟ. ಅವಳ ಅಕ್ಕ ಜಯಲಕ್ಷ್ಮಮ್ಮ ಅವನ ಹೆಂಡತಿ, ಅವನ ತಮ್ಮ ಶಶಿಕುಮಾರ್ ಸೌಂದರ್ಯಳ ಗಂಡ. ಅಕ್ಕತಂಗಿಯರನ್ನು ಒಂದೇ ಮನೆಗೆ ಕೊಟ್ಟಿದ್ದರು. ಶಶಿಕುಮಾರನ ಹೊಡೆತ ತಾಳದೆ ಸೌಂದರ್ಯ ಎರಡು ವರ್ಷದ ಹಿಂದೆ ಮನೆ ಬಿಟ್ಟಳು. ಅವಳ ಜೊತೆ ಮಾತಾಡಿದವರು ಈ ಮನೆಯವರಲ್ಲ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಂಥ ಮನೆಯ ಯಜಮಾನ ಮೊನ್ನೆ ಸ್ಟೇಷನ್ನಿಗೆ ಬಂದು, ಸಂತೆ ದಿನ ಅವಳು ಕೇರಳದ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟು ಹೋಗಿದ್ದ.

*

ನಟರಾಜುವಿನ ಮನೆ ಹುಣಸೂರು ದಾಟಿ, ಪಿರಿಯಾಪಟ್ಟಣದ ಕಡೆಗೆ ಒಳದಾರಿಯಲ್ಲಿತ್ತು. ಹೊಗೆಸೊಪ್ಪು ಬೇಯಿಸುವ ಕಾಲ. ಮನೆಯ ಪಕ್ಕದಲ್ಲೇ ಸೊಪ್ಪು ಒಣಗಿಸುವ ಬ್ಯಾರನ್ನು, ಅದರ ಒಲೆಯಲ್ಲಿ ದಪ್ಪ ಸೌದೆ ಉರಿಯುತ್ತಿತ್ತು. ಶೀಟಿನ ಚಪ್ಪರದ ಕೆಳಗೆ ಜಯಲಕ್ಷ್ಮಮ್ಮ ಒಬ್ಬಳೇ ಕೂತು ಹಸಿ ಎಲೆಗಳನ್ನು ಜೋಡಿಸಿ ಕಡ್ಡಿಗೆ ದಾರದಿಂದ ಕಟ್ಟುತ್ತಿದ್ದಳು. ಎಲೆಯ ಅಂಟಿಗೆ ಅವಳ ಕೈಗಳು ಮಣಿಕಟ್ಟಿನವರೆಗೂ ಕಪ್ಪಾಗಿದ್ದವು. ಪೊಲೀಸ್ ಜೀಪು ನೋಡಿಯೂ ಎದ್ದೇಳಲಿಲ್ಲ. ದಾರ ಸುತ್ತುವ ಕೈ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ನಟರಾಜು ಕುರ್ಚಿ ತಂದು ಹಾಕಿದ. ಐವತ್ತರ ಆಸುಪಾಸಿನ ಗಟ್ಟಿ ಆಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಬನ್ನಿ ಮೇಡಂ, ಕೂತ್ಕಳಿ. ಏನಾರಾ ಗೊತ್ತಾಯ್ತಾ?"

ಪವಿತ್ರ ಚೀಲದಿಂದ ಫೋನು ತೆಗೆದು ತನ್ನ ಮುಂದಿದ್ದ ಸ್ಟೂಲಿನ ಮೇಲಿಟ್ಟಳು. ಅವನ ಮುಖ ಬಿಳಿಚಿತು. ಚಪ್ಪರದ ಕೆಳಗೆ ದಾರ ತುಂಡಾದ ಸದ್ದಾಯಿತು.

"ಶುಂಠಿ ಹೊಲದಲ್ಲಿ ಸಿಕ್ತು" ಎಂದಳು. "ಕೆಟ್ಟು ನಿಂತಿತ್ತು. ಈಗ ತಾನೇ ಆನ್ ಮಾಡಿಸಿಕೊಂಡು ಬಂದೆ. ಇದರ ಬೀಗ ತೆಗೆಯೋ ನಂಬರ್ ನಿಮಗೆ ಯಾರಿಗಾದರೂ ಗೊತ್ತಾ?"

"ಎರಡು ವರ್ಷದಿಂದ ಮಾತುಕತೇನೇ ಇಲ್ಲ ಮೇಡಂ. ನಮ್ಗೆಂಗೆ ಗೊತ್ತಾದಾತು" ಎಂದ ನಟರಾಜು. ಆಮೇಲೆ ತಡವರಿಸಿ, ಏನೋ ನೆನಪಾದವನ ಹಾಗೆ ತಲೆ ಅಲ್ಲಾಡಿಸಿದ. "ಸಂತೆ ದಿನಾನೂ ಅದು ಹಿಂಗೇ ನಿಂತೋಗಿತ್ತು ಕಣ್ರೀ. ಆವತ್ತು ಹೇಳೋದು ಮರ್ತೆ. ಬಸ್ ಹತ್ತೋಕ್ ಮುಂಚೆ ಫೋನ್ ಕೈಲಿಡ್ಕಂಡು ತಟ್ತಾ ಇದ್ಲು. ನಾನೇ ಈಸ್ಕಂಡು ಗುಂಡಿ ಒತ್ತಿ ಹಿಡ್ದೆ. ಆಫ್ ಆಗಿ ಆನ್ ಆಯ್ತು."

"ಮಾತುಕತೆ ಇಲ್ಲದವಳು ನಿಮ್ಮ ಕೈಗೆ ಫೋನು ಕೊಟ್ಟಳಾ?"

"ಎಷ್ಟಾದ್ರೂ ಭಾವ ಅಲ್ವಾ ಮೇಡಂ."

"ಆಮೇಲೆ?"

"ಹೆಬ್ಬೆಟ್ಟು ಒತ್ತಿ ತೆಗೆದ್ಲು, ಯಾರಿಗೋ ಮಾತಾಡಿದ್ಲು. ಬತ್ತಾ ಇದೀನಿ, ಬಸ್ ಸ್ಟ್ಯಾಂಡಿಗೇ ಬನ್ನಿ ಅಂದ್ಲು. ಹತ್ತಿ ಹೊಂಟೋದ್ಲು."

"ಹೆಬ್ಬೆಟ್ಟು ಒತ್ತಿದ್ದನ್ನ ನೀವೇ ನೋಡಿದ್ರಾ?"

"ಪಕ್ಕದಲ್ಲೇ ನಿಂತಿದ್ನಲ್ಲ. ಹಿಂಗೆ." ಅವನು ತನ್ನ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿದ.

"ಅಂಕಿ ಗಿಂಕಿ ಏನೂ ಹಾಕಲಿಲ್ಲ?"

"ಇಲ್ಲ ಮೇಡಂ. ಬೆರಳು ಇಕ್ಕಿದ್ಲು, ತೆಕ್ಕಂತು."

ಪವಿತ್ರ ತನ್ನ ಜೇಬಿನಿಂದ ಸ್ವಂತ ಫೋನು ತೆಗೆದು ಅವನ ಕೈಗೆ ಕೊಟ್ಟಳು. "ನನ್ನದೂ ಇದೇ ಕಂಪನಿಯದು. ಆವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ."

"ಯಾಕೆ ಮೇಡಂ?"

"ಮಾಡಿ."

ಅವನು ಪಕ್ಕದ ಗುಂಡಿ ಒತ್ತಿ ಹಿಡಿದ. ಪರದೆಯ ಮೇಲೆ ಬಂದದ್ದನ್ನು ಬೆರಳಿನಿಂದ ಮುಟ್ಟಿದ. ಫೋನು ಆರಿತು, ಕಂಪನಿಯ ಗುರುತು ಬಂತು. ಮೂವರೂ ಕಾದರು. ಬ್ಯಾರನ್ನಿನ ಒಲೆಯಲ್ಲಿ ಸೌದೆ ಸಿಡಿಯಿತು. ಮಾದೇವ ಜೀಪಿನ ಪಕ್ಕದಿಂದ ಎರಡು ಹೆಜ್ಜೆ ಹತ್ತಿರ ಬಂದ.

ಫೋನು ಎದ್ದಿತು. ಪವಿತ್ರ ಅದನ್ನು ಅವನ ಕೈಯಲ್ಲೇ ಬಿಟ್ಟು, ತನ್ನ ಹೆಬ್ಬೆರಳನ್ನು ಬೆರಳಚ್ಚಿನ ಜಾಗದ ಮೇಲೆ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಅಂಕಿ ಹಾಕಿ ಎಂದು ಚೌಕ ಮೂಡಿತು.

"ಇದು ನನ್ನ ಫೋನು, ನನ್ನದೇ ಬೆರಳು. ಒಪ್ತಾ ಇಲ್ಲ ನೋಡಿ" ಎಂದಳು. "ಹೀಗೆ ಆಫ್ ಮಾಡಿ ಆನ್ ಮಾಡಿದ ಮೇಲೆ ಮೊದಲ ಸಲ ಯಾರ ಹೆಬ್ಬೆಟ್ಟಿಗೂ ಇದು ಬಾಗಿಲು ತೆಗೆಯಲ್ಲ, ನಟರಾಜು."

ಅವನು ಫೋನನ್ನೇ ನೋಡುತ್ತ ನಿಂತ. "ಅಂಗಾದ್ರೆ... ಅಂಕಿನೇ ಹಾಕಿರ್ಬೇಕು. ನನ್ಗೆ ಸರಿಯಾಗಿ..."

"ಈಗ ತಾನೇ ಕೇಳಿದೆ. ಇಲ್ಲ ಅಂದ್ರಿ."

ಅವನು ಫೋನನ್ನು ಪವಿತ್ರಳ ಕೈಗೆ ವಾಪಸು ಕೊಟ್ಟ.

"ನೀವು ಆವತ್ತು ಸಂತೆಗೇ ಹೋಗಿರಲಿಲ್ಲ. ಅವಳನ್ನ ನೋಡೂ ಇಲ್ಲ, ಫೋನು ಮುಟ್ಟೂ ಇಲ್ಲ. ನಿಮ್ಮ ಮಾತು ನಂಬಿದ್ದಿದ್ರೆ ನಾವು ಕೇರಳದಲ್ಲಿ ಹುಡುಕ್ತಾ ಇರ್ತಿದ್ವಿ. ಯಾರನ್ನ ಉಳಿಸೋಕೆ ಈ ಕತೆ?"

ನಟರಾಜು ಮೆಲ್ಲಗೆ ಜಗಲಿಯ ಮೇಲೆ ಕುಸಿದು ಕೂತ. ಗಟ್ಟಿ ಆಳು ನೋಡನೋಡುತ್ತ ಕುಗ್ಗಿ ಹೋದ.

"ನನ್ ತಮ್ಮನ್ನ" ಎಂದ.

"ಹೇಳಿ."

"ಸಂತೆ ದಿನ ಶಶಿ ಅಂತರಸಂತೆಗೆ ಹೋಗಿದ್ದ. ಅವಳು ಅಲ್ಲವ್ಳೆ ಅಂತ ಯಾರೋ ಏಳವ್ರೆ. ಸಂಜೆ ಬಂದಾಗ ಅಂಗಿಯೆಲ್ಲ ಕೆಸರು. ಏನಾಯ್ತಲಾ ಅಂದೆ. ಅವಳ ಕತೆ ಮುಗೀತು ಬುಡು ಅಂದ. ಅಷ್ಟೇ. ಮಾರನೇ ದಿನ ಹೋದೋನು ಇವತ್ಗೂ ಮನೆಗೆ ಬಂದಿಲ್ಲ." ಅವನು ಟವಲಿನಿಂದ ಮುಖ ಒರೆಸಿಕೊಂಡ. "ಅವನನ್ನ ನಾನೇ ಸಾಕಿದ್ದು ಮೇಡಂ. ಅಪ್ಪ ಸತ್ತಾಗ ಅವನಿನ್ನೂ ಅಂಬೆಗಾಲು ಇಕ್ಕೋನು. ಊರೋರು ಹೇಳ್ತಿದ್ದಂಗೇ ಅವಳು ಕೇರಳಕ್ ಹೋದ್ಲು ಅಂತ ಪೊಲೀಸ್ನೋರೂ ಬರ್ಕಂಡ್ರೆ ಹುಡುಕೋದು ನಿಲ್ಲಿಸ್ತಾರೆ ಅಂದ್ಕಂಡೆ. ಆ ಹೆಣ್ಣುಮಗ ಯಾವ ಮಣ್ಣಲ್ಲವ್ಳೋ ಅಂತ ನೆನಸ್ಕಂಡು ನಿದ್ದೆ ಹತ್ತಿಲ್ಲ. ಆದ್ರೂ ಸುಳ್ಳು ಹೇಳ್ದೆ."

ಜಯಲಕ್ಷ್ಮಮ್ಮ ಚಪ್ಪರದಿಂದ ಎದ್ದು ಬಂದಳು. ಮಡಿಲಲ್ಲಿದ್ದ ಎಲೆಗಳು ನೆಲಕ್ಕೆ ಉದುರಿದವು.

"ಶಶಿ ಅವಳ್ನ ಏನೂ ಮಾಡಿಲ್ಲ" ಎಂದಳು.

"ನಿಂಗೇನ್ ಗೊತ್ತೇ" ಎಂದ ನಟರಾಜು.

ಅವಳು ಗಂಡನ ಕಡೆ ತಿರುಗಲಿಲ್ಲ. ಸೆರಗಿನ ತುದಿಯಿಂದ ಬೆರಳುಗಳನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಅಂಟು ಪೂರಾ ಹೋಗಲಿಲ್ಲ. ಸ್ಟೂಲಿನ ಮೇಲಿದ್ದ ಫೋನನ್ನು ಎತ್ತಿಕೊಂಡು, ಒಂದೇ ಒಂದು ಸಲವೂ ತಡವರಿಸದೆ ಅಂಕಿಗಳನ್ನು ಒತ್ತಿದಳು.

ಫೋನು ತೆರೆದುಕೊಂಡಿತು.

ಪವಿತ್ರ ಕುರ್ಚಿಯಿಂದ ಎದ್ದಳು. ನಟರಾಜುವಿನ ಬಾಯಿ ಅರ್ಧ ತೆರೆದೇ ಉಳಿಯಿತು.

"ನಮ್ಮವ್ವ ತೀರ್ಕಂಡ ತಾರೀಕು" ಎಂದಳು ಜಯಲಕ್ಷ್ಮಮ್ಮ. "ನಾನು ಮರೀಬಾರ್ದು ಅಂತ ಅವಳೇ ಇಕ್ಕಿಕೊಟ್ಟಿದ್ದು. ಕೇರಳದ ಮೆಸೇಜು ಕಳ್ಸಿದ್ದು ನಾನೇ ಮೇಡಂ."

"ಎರಡು ವರ್ಷ ಮಾತೇ ಇರಲಿಲ್ಲ ಅಂದ್ರು."

"ಅವರ ಪಾಲಿಗೆ ಇರ್ಲಿಲ್ಲ. ನಾನು ಕಟ್ಟೇಮಳಲವಾಡಿ ನೆಂಟರ ಮನೆಗೆ ಹೋಗ್ತೀನಿ ಅಂತೇಳಿ ಅಂತರಸಂತೆ ಬಸ್ಸು ಹತ್ತೀನಿ. ಅವಳು ಬಟ್ಟೆ ಹೊಲೀತಿರ್ತಾಳೆ, ನಾನು ಗುಂಡಿ ಹಾಕಿಕೊಡ್ತೀನಿ. ಜಾಸ್ತಿ ಮಾತಾಡ್ತಾನೂ ಇರ್ಲಿಲ್ಲ. ಒಂದ್ ಹೊತ್ತು ಒಟ್ಗೆ ಉಂಡು ಬತ್ತಿದ್ದೆ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಶಶಿಗೆ ಅವಳಿರೋ ಜಾಗ ಗೊತ್ತಾಯ್ತು ಅಂತ ನಂಗೆ ಹಿಂದಿನ ದಿನವೇ ಕಿವಿಗೆ ಬಿತ್ತು. ಸಂತೆ ದಿನ ಬೆಳಗ್ಗೇನೇ ಹೋಗಿ ಅವಳ್ನ ಹೊಂಡಿಸ್ದೆ. ಬೈಲಕುಪ್ಪೆಲಿ ಟಿಬೆಟಿನೋರ ಅಂಗಡೀಲಿ ಹೊಲಿಗೆ ಕೆಲಸ ಐತೆ ಅಂತ ಅವಳೇ ಗೊತ್ತುಮಾಡ್ಕಂಡಿದ್ಲು. ಶಶಿ ಬರೋವತ್ಗೆ ಅಂಗಡಿಗೆ ಬೀಗ."

"ಫೋನು ಯಾಕೆ ನಿಮ್ಮ ಹತ್ರ ಬಿಟ್ಟಳು?"

"ನನ್ ಫೋನು ಮನೇಲಿ ಎಲ್ರೂ ನೋಡ್ತಾರೆ. ಇದನ್ನ ಬಚ್ಚಿಟ್ಕೊ, ನಾನು ಹೊಸ ನಂಬರಿಂದ ಇದಕ್ಕೇ ಬರೀತೀನಿ ಅಂದ್ಲು. ಜೋಪಾನವಾಗಿ ಇಟ್ಕೋತೀನಿ ಅಂತ ಕೈ ಮೇಲೆ ಕೈ ಇಕ್ಕಿ ಹೇಳಿ ಬಂದೆ." ಮೊದಲ ಸಲ ಅವಳ ತುಟಿ ಅದುರಿತು. "ಬಸ್ಸಲ್ಲಿ ಮೆಸೇಜು ಕಳಿಸ್ತಿದ್ದಂಗೆ ಶಶಿ ನಂಬರಿಂದ ಕರೆ ಬಂತು. ನನ್ನ ಕೈಲಿರೋ ಫೋನಿಗೆ. ಅವನು ಎದುರಿಗೇ ಬಂದು ನಿಂತಂಗಾಯ್ತು ಮೇಡಂ. ಏನ್ ಮಾಡ್ತಿದ್ದೀನಿ ಅಂತ ಗೊತ್ತಾಗೋಕ್ ಮುಂಚೆ ಕಿಟಕಿಯಿಂದ ಬಿಸಾಕಿಬಿಟ್ಟಿದ್ದೆ. ಮುಂದಿನ ಸ್ಟಾಪಲ್ಲಿ ಇಳಿದು ಹೊಲ ಹೊಲ ಹುಡುಕ್ದೆ. ಸಿಗ್ಲಿಲ್ಲ. ಅವಳ ಹೊಸ ನಂಬರೂ ಗೊತ್ತಿಲ್ಲ. ಬೈಲಕುಪ್ಪೆಗೆ ಹೋಗೋಕೆ ಈ ಸೊಪ್ಪು ಬಿಟ್ಟು ಕದಲೋಂಗಿಲ್ಲ. ಯಾರಿಗೆ ಹೇಳ್ಲಿ? ಅವಳು ಚೆನ್ನಾಗವ್ಳೆ, ಚೆನ್ನಾಗವ್ಳೆ ಅಂತ ಕಡ್ಡಿ ಕಟ್ತಾ ಕೂತಿದ್ದೆ."

ನಟರಾಜು ಹೆಂಡತಿಯನ್ನು ನೋಡುತ್ತಿದ್ದ. ಒಂದೇ ಸೂರಿನ ಕೆಳಗೆ ಅವನು ಸತ್ತವಳಿಗಾಗಿ ನಿದ್ದೆಗೆಟ್ಟಿದ್ದ, ಇವಳು ಬದುಕಿರುವವಳಿಗಾಗಿ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಬೀಗ ತೆಗೆದದ್ದೇ ತಡ, ಇಷ್ಟು ದಿನ ಹೊರಗೆ ಕಾಯುತ್ತಿದ್ದ ಮೆಸೇಜುಗಳು ಒಂದರ ಹಿಂದೊಂದು ಒಳಗೆ ಬರತೊಡಗಿದವು. ಎಲ್ಲವೂ ಒಂದೇ ನಂಬರಿನಿಂದ. ಜಯಲಕ್ಷ್ಮಮ್ಮ ಫೋನನ್ನು ಪವಿತ್ರಳ ಕಡೆ ಚಾಚಿದಳು. "ನೀವೇ ಓದಿ. ನನ್ ಕಣ್ಣು ಮಂಜಾಗ್ತಾವೆ."

ಪವಿತ್ರ ಓದಿದಳು.

"ಅಕ್ಕ ತಲುಪಿದೆ. ಇದೇ ನನ್ನ ಹೊಸ ನಂಬರು."

"ಕೆಂಪು ಬಟ್ಟೆ ಹೊಲಿಯೋದು. ಸುಲಭ. ಅವರ ಮಾತು ಗೊತ್ತಾಗಲ್ಲ, ಆದ್ರೆ ಹೊತ್ತುಹೊತ್ತಿಗೆ ಟೀ ಕೊಡ್ತಾರೆ."

"ಯಾಕಕ್ಕ ಏನೂ ಬರೆದಿಲ್ಲ? ಫೋನ್ ಮಾಡಿದ್ರೆ ಸ್ವಿಚ್ ಆಫ್ ಅಂತದೆ."

"ಮನೇಲಿ ಗೊತ್ತಾಗೋಯ್ತಾ?"

"ನೀನೂ ನನ್ನ ಬಿಟ್ಟುಬಿಟ್ಟೆ ಅಂದ್ಕೊಂಡೆ. ಇರ್ಲಿ ಬುಡು. ನಿನಗೂ ಸಂಸಾರ ಐತೆ."

ಜಯಲಕ್ಷ್ಮಮ್ಮ ಕಂಬ ಹಿಡಿದುಕೊಂಡಳು. "ಇಲ್ಲ ಕಣವ್ವ" ಎಂದಳು, ತಂಗಿ ಎದುರಿಗೇ ಇದ್ದಾಳೇನೋ ಎಂಬಂತೆ.

ಅವಳು ಬದುಕಿದ್ದಾಳೆ. ಪವಿತ್ರಳ ಎದೆಯಲ್ಲಿ ಇಷ್ಟು ದಿನ ಗಂಟಾಗಿದ್ದ ಏನೋ ಸಡಿಲವಾಯಿತು. ಇಲ್ಲಿಂದ ಬೈಲಕುಪ್ಪೆ ದೂರವೇನಲ್ಲ. ಅಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರೆ ಕತ್ತಲಾಗುವುದರೊಳಗೆ ಇಬ್ಬರನ್ನೂ ಮುಖಾಮುಖಿ ನಿಲ್ಲಿಸಬಹುದು. ಹಾಗೆಂದುಕೊಳ್ಳುತ್ತಲೇ ಪರದೆಯನ್ನು ಇನ್ನಷ್ಟು ಮೇಲಕ್ಕೆ ಸರಿಸಿದಳು. ಇನ್ನೊಂದು ಮೆಸೇಜಿತ್ತು. ಈ ಬೆಳಗಿನದು.

ಅದನ್ನು ಮನಸ್ಸಿನಲ್ಲೇ ಓದಿದಳು. ಮತ್ತೆ ಓದಿದಳು. ಆಮೇಲೆ ಆ ಹೊಸ ನಂಬರಿಗೆ ಕರೆ ಮಾಡಿ ಫೋನನ್ನು ಕಿವಿಗಿಟ್ಟುಕೊಂಡಳು.

ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ.

"ಮಾದೇವ, ಜೀಪು ಸ್ಟಾರ್ಟ್ ಮಾಡಿ. ಬೈಲಕುಪ್ಪೆ ಠಾಣೆಗೂ ಫೋನ್ ಹಾಕಿ" ಎಂದು ಜಯಲಕ್ಷ್ಮಮ್ಮನ ಕಡೆ ತಿರುಗಿದಳು. "ಇವತ್ತು ಬೆಳಗ್ಗೆ ಅವಳನ್ನ ಕರೆದುಕೊಂಡು ಬರೋಕೆ ನೀವು ಯಾರನ್ನ ಕಳಿಸಿದ್ರಿ?"

"ಯಾರ್ನ?"

ಪವಿತ್ರ ಆ ಕೊನೆಯ ಮೆಸೇಜನ್ನು ಗಟ್ಟಿಯಾಗಿ ಓದಿದಳು.

"ಅಕ್ಕ, ನೀನು ಕಳಿಸಿದವರು ಕಾರು ತಗೊಂಡು ಬಂದವ್ರೆ. ಶಶಿ ಅಲ್ಲ, ಬೇರೆಯೋರು, ನಿನ್ನ ಹೆಸರು ಹೇಳಿದ್ರು. ನಿನ್ನ ಹತ್ರ ಇರೋ ಫೋನಿನ ಅಂಕಿ ಅಂತ ನಮ್ಮವ್ವನ ತಾರೀಕೂ ಹೇಳಿದ್ರು, ಅದಕ್ಕೇ ನಂಬಿದೆ. ಹೊಂಟೆ."

ಜಯಲಕ್ಷ್ಮಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು. ಅವಳ ಕಣ್ಣೀರು ಥಟ್ಟನೆ ನಿಂತುಹೋಗಿತ್ತು.

"ನಾನು ಯಾರ್ನೂ ಕಳ್ಸಿಲ್ಲ ಮೇಡಂ" ಎಂದಳು. "ಅವಳು ಬೈಲಕುಪ್ಪೆಲವ್ಳೆ ಅಂತಾಗ್ಲಿ, ಆ ತಾರೀಕು ಈ ಫೋನಿಗೆ ಇಕ್ಕಿರೋದು ಅಂತಾಗ್ಲಿ, ಇವತ್ತಿನವರೆಗೂ ನಾನು ಒಂದು ನರಪಿಳ್ಳೆಗೂ ಹೇಳಿಲ್ಲ."